ಹಂಡೆಯ ತಳ ಹೇಳಿದ ಪಾಠ

ಕುಣಿಗಲ್ ಕೆರೆ ನೋಡಿಕೊಂಡು, ಗುಬ್ಬಿಯ ತೆಂಗಿನ ತೋಟಗಳನ್ನು ಸುತ್ತಿ ತುಮಕೂರು ಸೇರಿದಾಗ ಮಾಗಿಯ ಚಳಿ. ನಾನು ಇಳಿದುಕೊಂಡ ಲಾಡ್ಜಿನ ಮಾಲೀಕರಿಗೆ ಒಂದೇ ಚಿಂತೆ: "ಮೇಷ್ಟ್ರೇ, ಬಿಸಿನೀರಿಗೆ ಸೌದೆ ಒಲೆಯೇ ಇರಲೋ, ಗೀಸರೋ, ಸೋಲಾರೋ?"

ಲೆಕ್ಕ ಹಾಕಿದೆವು. ಸಾವಿರ ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 41 ಯೂನಿಟ್ ವಿದ್ಯುತ್ ಬೇಕು. ತೆಂಗಿನ ಮಟ್ಟೆ ಈ ಸೀಮೆಯಲ್ಲಿ ಧಾರಾಳ, ಆದರೆ ಹೊಗೆ! ಬಿಸಿಲಿಗೆ ಬಿಲ್ಲಿಲ್ಲ.

ಸೋಲಾರೇ ಸರಿ ಎನ್ನುವಷ್ಟರಲ್ಲಿ ಹಳೆಯ ಹಂಡೆಯೊಳಗೆ ಇಣುಕಿದೆ. ತಳದಲ್ಲಿ ಸುಣ್ಣದಂಥ ಬಿಳಿ ಪದರ. ಬೋರ್‌ವೆಲ್ಲಿನ ಗಡಸು ನೀರು ಕಾದಾಗ ಉಳಿಸುವ ಈ ಪದರವೇ ಸೋಲಾರ್ ಫಲಕದ ಸಣ್ಣ ತಾಮ್ರದ ಕೊಳವೆಗಳನ್ನು ಮುಚ್ಚಿಬಿಡುತ್ತದೆ.

"ಮೊದಲು ನೀರು ಪರೀಕ್ಷೆ ಮಾಡಿಸಿ, ಸ್ವಾಮಿ. ಗಡಸು ಹೆಚ್ಚಿದ್ದರೆ ಗಾಜಿನ ಕೊಳವೆಯದು ವಾಸಿ" ಎಂದೆ.

ಮಕ್ಕಳೇ, ನಿಮ್ಮ ಮನೆಯ ಹಂಡೆಯನ್ನೂ ಒಮ್ಮೆ ನೋಡಿ.