ಎಂ.ಎ. ತರಗತಿಗಳಿದ್ದ ಮಹಾರಾಜ ಕಾಲೇಜು

ಮೈಸೂರಿನ ಮಹಾರಾಜ ಕಾಲೇಜಿನ ಮೂಲ 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆದ ಇಂಗ್ಲಿಷ್ ಶಾಲೆ. ಅದು ಬೆಳೆದು ಕಾಲೇಜಾದಾಗ ಪರೀಕ್ಷೆ, ಪದವಿ ಎಲ್ಲವೂ ಮದರಾಸು ವಿಶ್ವವಿದ್ಯಾನಿಲಯದವು. 1916ರಲ್ಲಿ ಮೈಸೂರಿಗೇ ವಿಶ್ವವಿದ್ಯಾನಿಲಯ ಬಂತು. ವಿಜ್ಞಾನಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಸಾಹಿತ್ಯ, ತತ್ತ್ವಶಾಸ್ತ್ರ, ಇತಿಹಾಸಗಳಿಗೆ ಮಹಾರಾಜ ಕಾಲೇಜು ಎಂಬ ಹಂಚಿಕೆ ಕ್ರಮೇಣ ಗಟ್ಟಿಯಾಯಿತು.

ಆ ಕಾಲದ ವಿದ್ಯಾರ್ಥಿಗಳ ನೆನಪುಗಳಲ್ಲಿ ಮೊದಲು ಬರುವವರು ಮೇಷ್ಟರುಗಳೇ. ಸಂಸ್ಕೃತಕ್ಕೆ ಎಂ. ಹಿರಿಯಣ್ಣ, ತತ್ತ್ವಶಾಸ್ತ್ರಕ್ಕೆ ಎ.ಆರ್. ವಾಡಿಯಾ, ಇಂಗ್ಲಿಷಿಗೆ ರಾಲೊ ಮತ್ತು ಬಿ.ಎಂ. ಶ್ರೀಕಂಠಯ್ಯ. 1918ರಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ಹುಡುಗರು ಅವರ ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದ ಕಥೆಯನ್ನು ಮೈಸೂರಿನವರು ಇಂದಿಗೂ ಹೇಳುತ್ತಾರೆ.

ಹೊಟ್ಟೆಯ ಪಾಡು ಈ ಕಥೆಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಬಡ ಬ್ರಾಹ್ಮಣ ಹುಡುಗರು ವಾರಾನ್ನದಲ್ಲಿ, ಅಂದರೆ ದಿನಕ್ಕೊಂದು ಮನೆಯ ಊಟದಲ್ಲಿ, ಓದು ಸಾಗಿಸುತ್ತಿದ್ದರು. ಹಳ್ಳಿಗಳಿಂದ ಬಂದ ಉಳಿದ ಜಾತಿಗಳ ಹುಡುಗರಿಗೆ ಆ ಮನೆಗಳ ಬಾಗಿಲು ತೆರೆದಿರಲಿಲ್ಲ. ಆಯಾ ಸಮುದಾಯಗಳು ಕಟ್ಟಿದ ಹಾಸ್ಟೆಲುಗಳು ಬರದಿದ್ದರೆ ಅವರಲ್ಲಿ ಅನೇಕರು ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಪಾಠ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಕನ್ನಡ ಪಂಡಿತರಿಗೆ ಸಿಗುತ್ತಿದ್ದ ಮರ್ಯಾದೆ ಇಂಗ್ಲಿಷ್ ಪ್ರಾಧ್ಯಾಪಕರಿಗೆ ಸಿಗುತ್ತಿದ್ದುದರ ಮುಂದೆ ಏನೂ ಅಲ್ಲ.

ಈ ಸ್ಥಿತಿಯನ್ನು ಅಲುಗಿಸಿದ್ದು 1927ರಲ್ಲಿ ಆರಂಭವಾದ ಕನ್ನಡ ಎಂ.ಎ. ತರಗತಿ. ತತ್ತ್ವಶಾಸ್ತ್ರ ಓದಬೇಕೆಂದಿದ್ದ ಕುವೆಂಪು ಅವರನ್ನು ಕನ್ನಡದ ಕಡೆಗೆ ತಿರುಗಿಸಿದವರು ಟಿ.ಎಸ್. ವೆಂಕಣ್ಣಯ್ಯ. ಡಿ.ಎಲ್. ನರಸಿಂಹಾಚಾರ್ ಅವರೂ ಅದೇ ಮೊದಲ ತಂಡದವರು. ತರಗತಿ ಚಿಕ್ಕದು, ಗುರುವಿನ ಮನೆಗೂ ಪಾಠದ ಕೋಣೆಗೂ ನಡುವೆ ಗೋಡೆಯಿರಲಿಲ್ಲ. ಹಸ್ತಪ್ರತಿ ನೋಡಬೇಕೆಂದರೆ ಓರಿಯಂಟಲ್ ಲೈಬ್ರರಿ ನಡೆದು ಹೋಗುವಷ್ಟು ಹತ್ತಿರ. ಮುಂದೆ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡತೊಡಗಿದರು. ಓದಲು ಬಾರದವರ ಎದುರಿಗೆ ವಿಜ್ಞಾನವನ್ನೋ ಇತಿಹಾಸವನ್ನೋ ತಿಳಿಯಾಗಿ ಹೇಳುವ ಆ ಕಷ್ಟ ಕನ್ನಡ ಗದ್ಯವನ್ನು ಹದಗೊಳಿಸಿತೆಂದರೆ ಉತ್ಪ್ರೇಕ್ಷೆಯಲ್ಲ.

1929ರಲ್ಲಿ ಇಲ್ಲಿಯೇ ಅಧ್ಯಾಪಕರಾದ ಕುವೆಂಪು 1955ರಲ್ಲಿ ಪ್ರಿನ್ಸಿಪಾಲರಾದರು. ಅಷ್ಟರಲ್ಲಿ ಗಾಳಿ ಬದಲಾಗಿತ್ತು. ಕೇಂಬ್ರಿಜ್‌ನಲ್ಲಿ ವಿಮರ್ಶಕ ಲೀವಿಸ್ ಅವರ ಬಳಿ ಓದಿ ಬಂದಿದ್ದ ಸಿ.ಡಿ. ನರಸಿಂಹಯ್ಯ ಇಂಗ್ಲಿಷ್ ವಿಭಾಗದಲ್ಲಿ ಹೊಸ ವಿಮರ್ಶೆಯ ರುಚಿ ಹತ್ತಿಸಿದರು. ಕಾಲೇಜು ಬಿಟ್ಟ ಮೇಲೆ ಹುಡುಗರು ಸೇರುತ್ತಿದ್ದದ್ದು ಕಾಫಿ ಹೌಸಿನಲ್ಲಿ. ಅಲ್ಲಿ ಕವಿ ಗೋಪಾಲಕೃಷ್ಣ ಅಡಿಗರ ಸುತ್ತ ನಡೆದ ಚರ್ಚೆಯೂ ಯು.ಆರ್. ಅನಂತಮೂರ್ತಿ ಅಂಥವರಿಗೆ ಒಂದು ತರಗತಿಯೇ. ನವೋದಯದ ಹಿರಿಯರು ಕಾಲೇಜಿನೊಳಗೆ, ಅವರನ್ನು ಪ್ರಶ್ನಿಸುವವರು ಹೊರಗಿನ ಮೇಜಿನ ಸುತ್ತ.

ದೊಡ್ಡ ಬದಲಾವಣೆ 1960ರದು. ಉಪಕುಲಪತಿಗಳಾಗಿದ್ದ ಕುವೆಂಪು ಕುಕ್ಕರಹಳ್ಳಿ ಕೆರೆಯ ಆಚೆ ಮಾನಸಗಂಗೋತ್ರಿಯನ್ನು ಕಟ್ಟಿಸಿದರು. ಸ್ನಾತಕೋತ್ತರ ವಿಭಾಗಗಳು ಒಂದೊಂದಾಗಿ ಅಲ್ಲಿಗೆ ಹೋದವು. ದೂರ ಹೆಚ್ಚಿಲ್ಲ, ಆದರೆ ಹಿರಿಯ ಪ್ರಾಧ್ಯಾಪಕರು ಮೊದಲ ವರ್ಷದ ಬಿ.ಎ. ಹುಡುಗನ ಕಣ್ಣಿಗೆ ಬೀಳುವುದು ನಿಂತಿತು. ಕಾಲೇಜು ಬಿ.ಎ.ಯ ಕಾಲೇಜಾಗಿ ಉಳಿಯಿತು. ಸಂಶೋಧನೆಗೆ ಗಂಗೋತ್ರಿಯಿಂದ ಲಾಭವಾದದ್ದು ನಿಜ. ನಷ್ಟ ಬಿದ್ದದ್ದು ಪದವಿ ತರಗತಿಗಳಿಗೆ.

ಆ ಬಳಿಕದ ದಶಕಗಳಲ್ಲಿ ಬೆಂಚುಗಳ ಮೇಲೆ ಕುಳಿತವರೂ ಬದಲಾದರು. ಕನ್ನಡ ಮಾಧ್ಯಮದ ಪಠ್ಯಗಳು ಬಂದಂತೆ, ಮನೆಯಲ್ಲಿ ಮೊದಲ ಬಾರಿ ಅಕ್ಷರ ಕಲಿತವರ ಸಂಖ್ಯೆ ಏರಿತು. ಇತಿಹಾಸ, ಸಮಾಜಶಾಸ್ತ್ರಗಳನ್ನು ಅವರು ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಪರೀಕ್ಷೆ ಬರೆದರು.