ಲಂಡನ್ನಿನಲ್ಲಿ ಒಂದು ಒಲೆ

ಲಂಡನ್ ನಗರದ ಬ್ಲೂಮ್ಸ್‌ಬರಿ ವಿದ್ಯಾವಂತರ ಬಡಾವಣೆ. ಬ್ರಿಟಿಷ್ ಮ್ಯೂಸಿಯಂ ಇರುವುದು ಇಲ್ಲಿಯೇ. ವಿಶ್ವವಿದ್ಯಾಲಯದ ದೊಡ್ಡ ದೊಡ್ಡ ಕಟ್ಟಡಗಳು ನಿಂತಿರುವುದೂ ಇಲ್ಲಿಯೇ. ಸಮೀಪದ ಟಾವಿಸ್ಟಾಕ್ ಚೌಕದ ಉದ್ಯಾನದಲ್ಲಿ ಕಾಲು ಮಡಿಚಿ ಕುಳಿತ ಗಾಂಧೀಜಿಯವರ ಪ್ರತಿಮೆಯೊಂದಿದೆ. 1968ರಲ್ಲಿ ಸ್ಥಾಪಿತವಾದ ಈ ಪ್ರತಿಮೆಯ ಪದತಲದಲ್ಲಿ ಭಾರತದಿಂದ ಹೋದವರು ಹೂವಿಟ್ಟು ಕೈಮುಗಿಯುತ್ತಾರೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಸ್ಟೋರ್ ಸ್ಟ್ರೀಟ್ ಎಂಬ ಗಿಡ್ಡ ಬೀದಿಯೊಂದು ಸಿಗುತ್ತದೆ. ಅಲ್ಲಿ ಹೂವಿಡುವವರು ಯಾರೂ ಇಲ್ಲ. ಆದರೆ ಆ ಬೀದಿಯ ಆಸುಪಾಸಿನಲ್ಲಿ ನೂರಮೂವತ್ತು ವರ್ಷಗಳ ಹಿಂದೆ ಇಬ್ಬರು ಗುಜರಾತಿಗಳು ಪರಸ್ಪರ ಊಟ ಬಡಿಸಿಕೊಂಡು ಕಳೆದ ದಿನಗಳ ಕಥೆ ಪ್ರತಿಮೆಗಿಂತ ಕಡಮೆ ಹೃದ್ಯವಾದುದಲ್ಲ.

ಮೋಹನದಾಸ ಕರಮಚಂದ ಗಾಂಧಿಯವರು ಬ್ಯಾರಿಸ್ಟರ್ ಪರೀಕ್ಷೆಗೆಂದು ಲಂಡನ್ನಿಗೆ ಬಂದದ್ದು 1888ರಲ್ಲಿ. ವಯಸ್ಸು ಹತ್ತೊಂಬತ್ತರ ಆಸುಪಾಸು. ಮದ್ಯ, ಮಾಂಸ, ಪರಸ್ತ್ರೀ ಇವುಗಳನ್ನು ಮುಟ್ಟುವುದಿಲ್ಲವೆಂದು ತಾಯಿ ಪುತಲೀಬಾಯಿಯವರ ಎದುರಿಗೆ, ಜೈನ ಮುನಿಯೊಬ್ಬರ ಸಾಕ್ಷಿಯಾಗಿ ಮಾತು ಕೊಟ್ಟು ಹಡಗು ಹತ್ತಿದ್ದರು. ಮಾತು ಕೊಡುವುದು ಸುಲಭ; ಅದನ್ನು ದಿನಕ್ಕೆ ಮೂರು ಹೊತ್ತು ಊಟದ ಮೇಜಿನ ಮುಂದೆ ಉಳಿಸಿಕೊಳ್ಳುವುದು ಬೇರೆ. ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ ವಿಧವೆಯೊಬ್ಬಳ ಮನೆಯಲ್ಲಿ ವಸತಿಯಾಯಿತು. ಉಪ್ಪು ಖಾರವಿಲ್ಲದೆ ಬೇಯಿಸಿದ ತರಕಾರಿ ಗಂಟಲಲ್ಲಿ ಇಳಿಯದು. ಮನೆಯ ಹೆಣ್ಣುಮಕ್ಕಳು ಕನಿಕರದಿಂದ ಒಂದೆರಡು ಚೂರು ರೊಟ್ಟಿ ಹೆಚ್ಚಾಗಿ ಬಡಿಸುವರು. ಇಡೀ ರೊಟ್ಟಿಯೇ ಬೇಕಾಗಿದ್ದ ಹಸಿವಿಗೆ ಅದು ಯಾವ ಮೂಲೆಗೆ? ಇನ್ನಷ್ಟು ಬಡಿಸಿರೆಂದು ಕೇಳಲು ನಾಚಿಕೆ. ಪ್ರತಿದಿನ ಹತ್ತು ಹನ್ನೆರಡು ಮೈಲಿ ಅಲೆದು, ಕಡೆಗೆ ಒಂದು ದಿನ ಫ್ಯಾರಿಂಗ್ಡನ್ ಸ್ಟ್ರೀಟಿನಲ್ಲಿ ಸಸ್ಯಾಹಾರದ ಹೋಟೆಲೊಂದನ್ನು ಕಂಡಾಗ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ಅಲ್ಲಿಯೇ ಮಾರುತ್ತಿದ್ದ ಹೆನ್ರಿ ಸಾಲ್ಟರ ಸಸ್ಯಾಹಾರ ಪ್ರತಿಪಾದನೆಯ ಪುಸ್ತಕವನ್ನು ಒಂದು ಶಿಲ್ಲಿಂಗಿಗೆ ಕೊಂಡು, ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡರು.

ಅಷ್ಟಕ್ಕೆ ಕಷ್ಟ ತೀರಲಿಲ್ಲ. ಒಬ್ಬ ಮಿತ್ರರು ನಾಟಕಕ್ಕೆ ಕರೆದೊಯ್ಯುವ ಮುನ್ನ ಹೋಬರ್ನ್ ರೆಸ್ಟೋರೆಂಟಿನಲ್ಲಿ ಊಟ ಏರ್ಪಡಿಸಿದರು. ಅರಮನೆಯಂಥ ಹೋಟೆಲು. ಮೊದಲು ಬಂದದ್ದು ಸೂಪು. ಅದರಲ್ಲಿ ಏನು ಹಾಕಿದ್ದಾರೆ? ಮಿತ್ರರನ್ನು ಕೇಳಲು ಧೈರ್ಯ ಸಾಲದೆ ಮೋಹನದಾಸರು ಪರಿಚಾರಕನನ್ನು ಕರೆದರು. ಮಿತ್ರರಿಗೆ ಕೋಪ ಬಂತು. ಸಭ್ಯರ ನಡುವೆ ಕೂರಲು ಬಾರದಿದ್ದರೆ ಎದ್ದು ಹೋಗಿ ಬೇರೆಲ್ಲಾದರೂ ಉಂಡು, ಹೊರಗೆ ಕಾದಿರುವಂತೆ ಹೇಳಿದರು. ಮೋಹನದಾಸರು ಎದ್ದೇ ಹೋದರು. ಹತ್ತಿರದ ಸಸ್ಯಾಹಾರದ ಹೋಟೆಲು ಬಾಗಿಲು ಹಾಕಿತ್ತು. ಆ ರಾತ್ರಿ ಉಪವಾಸದಲ್ಲಿಯೇ ನಾಟಕ ನೋಡಿದ್ದಾಯಿತು. ಆ ಮಿತ್ರರು ದುಷ್ಟರೇನಲ್ಲ. ಹುಡುಗ ಸೊರಗುತ್ತಾನೆಂಬ ಕಾಳಜಿಯಿಂದಲೇ ಹಟ ಹಿಡಿದಿದ್ದವರು. ಪ್ರೀತಿಯಿಂದ ಬಲವಂತ ಮಾಡುವವರನ್ನು ಎದುರಿಸುವುದು ದ್ವೇಷಿಗಳನ್ನು ಎದುರಿಸುವುದಕ್ಕಿಂತ ಕಷ್ಟವೆಂದು ನೆಂಟರ ಮನೆಯಲ್ಲಿ ಪಥ್ಯ ಮಾಡಿದವರೆಲ್ಲ ಬಲ್ಲರು.

ಬಳಿಕ ಕೆಲವು ತಿಂಗಳು ಸೂಟು, ಪಿಟೀಲು, ನೃತ್ಯಪಾಠಗಳ ಹುಚ್ಚು. ಅದು ಇಳಿದಾಗ ಖರ್ಚಿನ ಲೆಕ್ಕ ಕಣ್ಣು ತೆರೆಸಿತು. ಮೋಹನದಾಸರು ಒಂದೇ ಕೋಣೆಗೆ ಬಂದು, ಒಂದು ಒಲೆಯನ್ನು ಕೊಂಡರು. ಬೆಳಗ್ಗೆ ಓಟ್ಸಿನ ಗಂಜಿ, ಕೋಕೋವಿಗೆ ಬಿಸಿನೀರು. ಕೆಲಸವೆಲ್ಲ ಇಪ್ಪತ್ತು ನಿಮಿಷದೊಳಗೆ ಮುಗಿಯುವುದು. ರಾತ್ರಿ ರೊಟ್ಟಿ, ಕೋಕೋ. ಊಟಕ್ಕೆ ದಿನಕ್ಕೆ ಒಂದು ಶಿಲ್ಲಿಂಗು ಮೂರು ಪೆನ್ಸು. ಇದು ಬಡತನದ ಊಟವೇ ಸರಿ. ಆದರೆ ಪಾತ್ರೆಯಲ್ಲಿ ಏನಿದೆಯೆಂದು ಈಗ ಯಾರನ್ನೂ ಕೇಳಬೇಕಾಗಿರಲಿಲ್ಲ.

ಆ ಕಾಲದಲ್ಲಿಯೇ ನಾರಾಯಣ ಹೇಮಚಂದ್ರ ಎಂಬ ಗುಜರಾತಿ ಲೇಖಕರ ಪರಿಚಯವಾಯಿತು. ವಿಚಿತ್ರ ವೇಷ, ಇಂಗ್ಲಿಷ್ ವ್ಯಾಕರಣದಲ್ಲಿ ಕುದುರೆಯೆಂಬುದು ಕ್ರಿಯಾಪದ, ಓಡು ಎಂಬುದು ನಾಮಪದ! ಎಲ್ಲಿರುವಿರೆಂದು ಕೇಳಿದರೆ ಸ್ಟೋರ್ ಸ್ಟ್ರೀಟು ಎಂದರು. ಹಾಗಾದರೆ ನೆರೆಹೊರೆಯವರೇ ಆಯಿತು. ಮೋಹನದಾಸರು ಅವರಿಗೆ ಇಂಗ್ಲಿಷ್ ಹೇಳಿಕೊಡತೊಡಗಿದರು. ಊಟವೂ ಎಷ್ಟೋ ಸಲ ಜೊತೆಯಲ್ಲಿಯೇ. ಒಮ್ಮೆ ಇವರ ಕೋಣೆಯಲ್ಲಿ, ಒಮ್ಮೆ ಅವರ ಕೋಣೆಯಲ್ಲಿ. ಮೋಹನದಾಸರ ಅಡುಗೆ ಇಂಗ್ಲಿಷ್ ಪದ್ಧತಿಯದು, ಕ್ಯಾರೆಟ್ಟಿನ ಸೂಪು ಇತ್ಯಾದಿ. ನಾರಾಯಣ ಹೇಮಚಂದ್ರರಿಗೋ ಬೇಳೆಯಿಲ್ಲದೆ ತುತ್ತು ಇಳಿಯದು. ಇಂಥ ರುಚಿ ಬಂತಲ್ಲ ಈ ಹುಡುಗನಿಗೆ ಎಂದು ಅವರು ಮರುಗುವರು. ಒಂದು ದಿನ ಆ ಮಹಾನಗರದಲ್ಲಿ ಎಲ್ಲಿಂದಲೋ ಹೇಗೋ ಹೆಸರನ್ನು ಹುಡುಕಿ ತಂದು, ಬೇಯಿಸಿ, ಪಾತ್ರೆಯ ಸಮೇತ ಮಿತ್ರನ ಕೋಣೆಗೆ ಹೊತ್ತು ತಂದರು. ಅದನ್ನು ಆನಂದದಿಂದ ಉಂಡೆನೆಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಂದಿನಿಂದ ಕೊಡುಕೊಳ್ಳುವುದೇ ವಾಡಿಕೆಯಾಯಿತು. ಇವರು ಮಾಡಿದ್ದು ಅಲ್ಲಿಗೆ, ಅವರು ಮಾಡಿದ್ದು ಇಲ್ಲಿಗೆ. ಮೈಸೂರಿನ ಅಗ್ರಹಾರದಲ್ಲಿ ಹಿತ್ತಲ ಗೋಡೆಯ ಮೇಲೆ ಹುಳಿಯ ಬಟ್ಟಲು ಕೈ ಬದಲಾಯಿಸುವ ಹಾಗೆ.

ಮುಂದೆ ಬೇಸ್‌ವಾಟರ್ ಬಡಾವಣೆಯಲ್ಲಿ ‘ದಿ ವೆಜಿಟೇರಿಯನ್’ ಪತ್ರಿಕೆಯ ಸಂಪಾದಕ ಜೋಸಯ್ಯ ಓಲ್ಡ್‌ಫೀಲ್ಡರೊಡನೆ ವಾಸ. ಇಬ್ಬರೂ ಸೇರಿ ಅಲ್ಲಿ ಇಂಗ್ಲಿಷರನ್ನೇ ಊಟಕ್ಕೆ ಕರೆಯತೊಡಗಿದರು. ಬೇಳೆಯ ಸೂಪು, ಅನ್ನ, ದಪ್ಪ ಒಣದ್ರಾಕ್ಷಿ, ಇದು ಅಂದಿನ ಔತಣ. ಸಸ್ಯಾಹಾರಿಗಳ ಸಂಘವೊಂದೂ ಹುಟ್ಟಿ, ಗೀತೆಯನ್ನು ಇಂಗ್ಲಿಷಿಗೆ ತಂದ ಸರ್ ಎಡ್ವಿನ್ ಆರ್ನಾಲ್ಡರು ಅದರ ಉಪಾಧ್ಯಕ್ಷರಾದರು, ಮೋಹನದಾಸರು ಕಾರ್ಯದರ್ಶಿ.

1891ರ ಜೂನ್ ತಿಂಗಳಲ್ಲಿ ಊರಿಗೆ ಹೊರಡುವ ಹೊತ್ತು ಬಂತು. ಮಿತ್ರರಿಗೆ ಬೀಳ್ಕೊಡುಗೆಯ ಊಟ ಹಾಕಲು ಮೋಹನದಾಸರು ಆರಿಸಿಕೊಂಡ ಸ್ಥಳ ಯಾವುದು? ಅದೇ ಹೋಬರ್ನ್ ರೆಸ್ಟೋರೆಂಟು! ಸಸ್ಯಾಹಾರದ ಹೋಟೆಲಿನಲ್ಲಿ ಸಸ್ಯಾಹಾರ ಬಡಿಸುವುದೇನು ದೊಡ್ಡದು ಎಂದುಕೊಂಡು, ವ್ಯವಸ್ಥಾಪಕರೊಡನೆ ಮಾತನಾಡಿ, ಮಾಂಸದ ಸೋಂಕಿಲ್ಲದ ಊಟವನ್ನು ಅಲ್ಲಿಯೇ ಸಿದ್ಧಪಡಿಸಿದರು. ಸೂಪಿನ ಬಗ್ಗೆ ಅಂದು ಯಾರೂ ಏನೂ ಕೇಳಲಿಲ್ಲ. ಊಟದ ನಂತರ ಆತಿಥೇಯರು ಭಾಷಣಕ್ಕೆ ಎದ್ದು ನಿಂತರು. ಬಾಯಿಪಾಠ ಮಾಡಿದ ಹಾಸ್ಯವೆಲ್ಲ ಮರೆತುಹೋಗಿ, ಬಂದುದಕ್ಕೆ ವಂದನೆ ಎಂದಷ್ಟೇ ಹೇಳಿ ಕುಳಿತುಬಿಟ್ಟರು.

ಆ ಹೋಟೆಲು ಈಗ ಇಲ್ಲ. ಜೂನ್ 12ರಂದು ಮೋಹನದಾಸರು ಹೊರಟರು. ಕೊಟ್ಟ ಮಾತು ಉಳಿದಿತ್ತು. ತಾಯಿಯನ್ನು ನೋಡುವ ಹಂಬಲ ಹಡಗಿನಲ್ಲಿ ದಿನದಿನಕ್ಕೆ ಬೆಳೆಯಿತು. ಪುತಲೀಬಾಯಿಯವರು ಮಗ ಲಂಡನ್ನಿನಲ್ಲಿರುವಾಗಲೇ ತೀರಿಕೊಂಡಿದ್ದರು. ಪರದೇಶದಲ್ಲಿ ಎದೆಗುಂದಬಾರದೆಂದು ಅಣ್ಣ ಸುದ್ದಿಯನ್ನು ಮುಚ್ಚಿಟ್ಟಿದ್ದರು. ಮುಂಬಯಿಯಲ್ಲಿ ಇಳಿದ ಮೇಲೆ ಹೇಳಿದರು.