ಅಳಿಸುವ ಮುನ್ನ

ಯಂತ್ರ ಕೆಟ್ಟಾಗ ಅದನ್ನು ಸರಿಪಡಿಸುವವನ ವಿದ್ಯೆಗಿಂತ ಮೊದಲು ಪರೀಕ್ಷೆಗೆ ಒಳಗಾಗುವುದು ಅವನ ತಾಳ್ಮೆ. ಮೈಸೂರಿನ ಶಾಲೆಯೊಂದರ ಗಣಕಯಂತ್ರದ ಕೊಠಡಿಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಣ್ಣ ಪ್ರಸಂಗವೊಂದು ಈ ಮಾತಿಗೆ ನಿದರ್ಶನವಾಗಬಲ್ಲುದು.

ಆ ಕೊಠಡಿಯ ಹೊಣೆ ಹೊತ್ತಿದ್ದವರು ಗಣಿತದ ಉಪಾಧ್ಯಾಯರು. ಅವರಿಗೆ ನೆರವಾಗಿದ್ದವನು ಅದೇ ಶಾಲೆಯಲ್ಲಿ ಓದಿದ ತರುಣ. ಅಂಕಪಟ್ಟಿಗಳನ್ನಿರಿಸಿದ್ದ ಯಂತ್ರ ಲಿನಕ್ಸ್ ವ್ಯವಸ್ಥೆಯಿಂದ ನಡೆಯುತ್ತಿತ್ತು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸಿನ ಮಾದರಿಯಲ್ಲಿ, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಇದರ ತಿರುಳನ್ನು ಬರೆದು ಲೋಕಕ್ಕೆ ಹಂಚಿದರು. ಆಜ್ಞೆಗಳನ್ನು ಅಕ್ಷರಗಳಲ್ಲಿ ಬರೆದು ಕೆಲಸ ಮಾಡಿಸುವುದು ಇಲ್ಲಿನ ಪ್ರಬಲ ಪದ್ಧತಿ. ಕೇಳಿದ್ದಕ್ಕೆ ನಿಖರವಾಗಿ ಉತ್ತರಿಸುವುದು ಅದರ ಗುಣ. ‘ಆರ್‌ಎಂ’ ಎಂಬ ಎರಡಕ್ಷರದ ಆಜ್ಞೆಗೆ ಕಡತವನ್ನು ಮರುಮಾತಿಲ್ಲದೆ ಅಳಿಸಿಬಿಡುವುದು ಅದರ ಅಪಾಯ.

ಫಲಿತಾಂಶ ಪ್ರಕಟವಾಗಬೇಕಾಗಿದ್ದ ಹಿಂದಿನ ದಿನ ಸಂಜೆ ಯಂತ್ರವು ಅಂಕಗಳನ್ನು ಸ್ವೀಕರಿಸಲು ನಿರಾಕರಿಸಿತು. ಡಿಸ್ಕಿನಲ್ಲಿ ಸ್ಥಳವಿಲ್ಲವೆಂಬ ಸೂಚನೆ ಮೂಡಿತು. ತರುಣನು ‘ಡಿಎಫ್’ ಆಜ್ಞೆ ನೀಡಿದಾಗ ಡಿಸ್ಕು ನೂರಕ್ಕೆ ನೂರು ತುಂಬಿದೆಯೆಂದು ತಿಳಿಯಿತು. ದಿನಚರಿಯ ಕಡತವೊಂದು ಅತಿಯಾಗಿ ಬೆಳೆದಿದ್ದುದನ್ನು ಕಂಡು ಅದನ್ನು ಒಡನೆಯೇ ಅಳಿಸಿದನು. ಆದರೂ ಒಂದಿಷ್ಟೂ ಸ್ಥಳ ತೆರವಾಗಲಿಲ್ಲ. ಅವನು ಗಾಬರಿಗೊಂಡನು.

“ಹಳೇ ವರ್ಷಗಳ ಅಂಕಪಟ್ಟಿಗಳನ್ನೂ ತೆಗೆದುಬಿಡಲಾ ಸಾರ್?”

“ತಾಳಪ್ಪ. ಎಷ್ಟು ತುಂಬಿದೆ ಅಂತ ನೋಡಿದೆ. ಯಾವುದು ತುಂಬಿದೆ ಅಂತ ನೋಡಿದೆಯಾ?”

ಆ ಹಳೆಯ ಪಟ್ಟಿಗಳಿಗೆ ಬೇರೆಡೆ ಪ್ರತಿಯಿರಲಿಲ್ಲ. ಶಾಲೆ ಬಿಟ್ಟುಹೋದ ಎಷ್ಟೋ ಮಕ್ಕಳ ದಾಖಲೆಗಳು ಅವುಗಳಲ್ಲಿದ್ದವು.

ಉಪಾಧ್ಯಾಯರು ‘ಡಿಯು’ ಆಜ್ಞೆಯಿಂದ ಕಡತಗಳ ಗಾತ್ರವನ್ನೆಲ್ಲ ಕೂಡಿಸಿ ನೋಡಿದರು. ಮೊತ್ತ ಡಿಸ್ಕಿನ ಅರ್ಧದಷ್ಟೂ ಆಗಲಿಲ್ಲ. ಒಂದು ಲೆಕ್ಕ ತುಂಬಿದೆ ಎನ್ನುತ್ತದೆ, ಇನ್ನೊಂದು ಇಲ್ಲವೆನ್ನುತ್ತದೆ, ಎರಡೂ ಸುಳ್ಳಾಡುತ್ತಿಲ್ಲ. ಇದನ್ನು ಬಿಡಿಸಿ ಹೇಳಲು ಅವರು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಉಪಮೆಯನ್ನು ಬಳಸಿದರು. 1891ರಲ್ಲಿ ಸ್ಥಾಪಿತವಾದ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ದೊರೆತ ಆ ಭಂಡಾರದಲ್ಲಿ, ಗ್ರಂಥವೊಂದರ ಹೆಸರನ್ನು ಯಾರೋ ಸೂಚಿಯಿಂದ ಹೊಡೆದುಹಾಕಿದರೆಂದು ಭಾವಿಸೋಣ. ಆ ಓಲೆಕಟ್ಟನ್ನು ಬಿಚ್ಚಿಟ್ಟುಕೊಂಡು ಓದುತ್ತಿರುವವನ ಮುಂದೆ ಅದು ಮೇಜಿನ ಜಾಗ ಹಿಡಿದೇ ಇರುತ್ತದೆ. ಲಿನಕ್ಸಿನಲ್ಲಿಯೂ ಅಳಿಸುವುದೆಂದರೆ ಹೆಸರನ್ನು ತೆಗೆಯುವುದು. ಕಡತವನ್ನು ತೆರೆದಿಟ್ಟುಕೊಂಡ ಕಾರ್ಯಕ್ರಮ ಅದನ್ನು ಬಿಡುವವರೆಗೆ ಸ್ಥಳ ತೆರವಾಗದು. ಹೆಸರುಗಳನ್ನು ಹಿಡಿದು ಎಣಿಸುವ ‘ಡಿಯು’ವಿಗೆ ಅದು ಕಾಣದು, ಸ್ಥಳವನ್ನೇ ಎಣಿಸುವ ‘ಡಿಎಫ್’ಗೆ ಕಾಣುತ್ತದೆ.

ಅನಂತರ ಅವರು ‘ಎಲ್‌ಎಸ್‌ಒಎಫ್’ ಎಂದು ಬರೆದು, ಮುಂದೆ ಕೂಡುವ ಗುರುತು, ದೊಡ್ಡಕ್ಷರದ ‘ಎಲ್’ ಮತ್ತು ಒಂದು ಎಂಬ ಅಂಕಿಯನ್ನು ಸೇರಿಸಿದರು. ಹೆಸರಳಿದರೂ ತೆರೆದೇ ಉಳಿದ ಕಡತಗಳನ್ನು ತೋರಿಸುವ ಆಜ್ಞೆ ಅದು. ಅಂಕಪಟ್ಟಿಗಳನ್ನು ಅಚ್ಚಿಗೆ ಕಳುಹಿಸುವ ಕಾರ್ಯಕ್ರಮವೊಂದು ಆ ದಿನಚರಿಯನ್ನು ಹಿಡಿದುಕೊಂಡಿತ್ತು. ಯಾರೂ ಅಂಕ ತುಂಬುತ್ತಿಲ್ಲವೆಂದು ಖಚಿತಪಡಿಸಿಕೊಂಡು ಅದನ್ನು ನಿಲ್ಲಿಸಿ ಮತ್ತೆ ಆರಂಭಿಸಿದರು. ಕ್ಷಣಮಾತ್ರದಲ್ಲಿ ಅರ್ಧ ಡಿಸ್ಕು ತೆರವಾಯಿತು. ಆದರೆ ಅವರು ಏಳಲಿಲ್ಲ. ಹೊಸ ದಿನಚರಿಯ ಕೊನೆಯ ಸಾಲುಗಳನ್ನು ‘ಟೇಲ್’ ಆಜ್ಞೆಯಿಂದ ಓದಿದರು. ಎಂದೋ ತೆಗೆದುಹಾಕಿದ ಮುದ್ರಣಯಂತ್ರವನ್ನು ಹುಡುಕುತ್ತ ಆ ಕಾರ್ಯಕ್ರಮ ಕ್ಷಣಕ್ಷಣಕ್ಕೂ ದೂರು ಬರೆಯುತ್ತಿತ್ತು! ಆ ಹೆಸರನ್ನು ತೆಗೆದ ಮೇಲೆಯೇ ರೋಗದ ಮೂಲ ಹೋಯಿತು. ಅಂದು ರಾತ್ರಿಯೇ ಹಳೆಯ ಪಟ್ಟಿಗಳಿಗೆಲ್ಲ ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಸಿದ್ಧವಾಯಿತು.

ಇತರ ತೊಡಕುಗಳಿಗೂ ಅವರ ಕ್ರಮ ಇದೇ. ಸ್ಥಳವಿದ್ದೂ ಇಲ್ಲವೆಂದರೆ ‘ಡಿಎಫ್’ನೊಡನೆ ಅಡ್ಡಗೆರೆ, ‘ಐ’ ಬರೆದು ನೋಡಬೇಕು. ಅಸಂಖ್ಯ ಸಣ್ಣ ಕಡತಗಳಿಂದ ಕಡತಗಳ ನೋಂದಣಿಯ ಮನೆಗಳೇ ಮುಗಿದಿರಬಹುದು. ಅನುಮತಿಯಿಲ್ಲವೆಂದರೆ ಎಲ್ಲರಿಗೂ ಎಲ್ಲ ಅಧಿಕಾರ ಕೊಡುವ ‘777’ಕ್ಕೆ ಕೈಹಾಕದೆ, ಕಡತದ ಒಡೆಯನಾರೆಂದು ಮೊದಲು ನೋಡಬೇಕು. ಡಿಸ್ಕನ್ನು ದುರಸ್ತಿ ಮಾಡುವ ‘ಎಫ್‌ಎಸ್‌ಸಿಕೆ’ಯನ್ನು ಅದು ಬಳಕೆಯಲ್ಲಿರುವಾಗ ಎಂದೂ ನಡೆಸಬಾರದು.

ಪ್ರತಿಯೊಂದು ತೊಡಕನ್ನೂ ಅವರು ಒಂದು ಗೆರೆಪುಸ್ತಕದಲ್ಲಿ ದಿನಾಂಕಸಹಿತ ಬರೆದಿಡುತ್ತಿದ್ದರು: ಕಂಡದ್ದು, ಕೇಳಿದ್ದು, ಮಾಡಿದ್ದು. ಅಂದಿನ ಪುಟವನ್ನು ಮಾತ್ರ ತರುಣನ ಕೈಯಲ್ಲಿ ಬರೆಸಿದರು. ತನ್ನ ಆತುರವನ್ನೂ ಅವನು ಮರೆಮಾಚದೆ ಬರೆದನು. ಉಪಾಧ್ಯಾಯರು ನಿವೃತ್ತರಾದ ಮೇಲೆ ಕೊಠಡಿಯ ಬೀಗದ ಕೈಯೊಡನೆ ಆ ಪುಸ್ತಕವೂ ಅವನಿಗೆ ಸಂದಿತು. ಯಂತ್ರಗಳು ಬದಲಾಗಿವೆ, ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅವನು ಮೊದಲು ಓದಿಸುವುದು ಆ ಪುಟವನ್ನೇ.